ಅರ್ಧ ಟ್ಯಾಂಕ್ ಇಳಿದರೆ ಹಂಟಿಂಗ್: ಪಿಕಪ್ ಕೆಲಸದ ವರದಿ

ಪಿಕಪ್ ಓಡುತ್ತಿದೆ. ಆದರೆ ಒಂದೇ ಸಮ ಓಡುತ್ತಿಲ್ಲ. ಐಡಲ್‌ನಲ್ಲಿ ಆರ್‌ಪಿಎಂ ಮುಳ್ಳು 750ರಲ್ಲಿ ನಿಲ್ಲಬೇಕು. ಅದು 650ಕ್ಕೆ ಇಳಿಯುತ್ತದೆ, 900ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಪಕ್ಕದ ಆಟೋದವರು ತಿರುಗಿ ನೋಡುವಷ್ಟು. ನೈಸ್ ರಸ್ತೆಯಲ್ಲಿ 60ರ ವೇಗಕ್ಕೆ ತಂದು ಕಾಲು ಅಲುಗಿಸದೆ ಇಟ್ಟರೂ ಗಾಡಿ ಒಂದು ಸಲ ಮುಂದಕ್ಕೆ ಎಳೆಯುತ್ತದೆ, ಒಂದು ಸಲ ಹಿಂದಕ್ಕೆ ಜಗ್ಗುತ್ತದೆ. ಮೆಕ್ಯಾನಿಕ್‌ಗಳು ಹೇಳುವ ಹಂಟಿಂಗ್ ಇದೇ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಎಳೆಯುತ್ತದೆ.

ಹೊಸದಾಗಿ ಓದುವವರಿಗೆ ಗಾಡಿಯ ಜಾತಕ ಹೇಳಿಬಿಡುತ್ತೇನೆ. 2000ದ ದಶಕದ ಪಿಕಪ್, ನಾಲ್ಕು ಸಿಲಿಂಡರ್ ಡೀಸೆಲ್. ಟರ್ಬೊ ಇಲ್ಲದ ಹಳೇ ಎಂಜಿನ್ ಇಳಿಸಿ, ಟರ್ಬೊ ಇರುವ ಎಂಜಿನ್ ಕೂರಿಸಿದ್ದೇನೆ. ರೇಡಿಯೇಟರ್ ಮುಂದೆ, ಟರ್ಬೊ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್. ಹಿಂದೆ ಶೀಟ್ ಮಡಚಿ ಮಾಡಿಸಿದ ದೊಡ್ಡ ಟ್ಯಾಂಕ್. ಚಾಸಿ ಪಕ್ಕ ನೀರು ಬೇರ್ಪಡಿಸುವ ಫಿಲ್ಟರ್. ಎಂಜಿನ್ ಬದಲಾವಣೆ ಆರ್‌ಟಿಒ ಅನುಮತಿಯಿಂದ ಆರ್‌ಸಿಯಲ್ಲಿ ಬಂದಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಮಾರ್ಪಾಡಿನ ಬಗ್ಗೆ ಸೆಕ್ಷನ್ 52 ಅಂತ ಒಂದು ಇದೆ, ಅದನ್ನು ಮರೆತು ಎಂಜಿನ್ ಬದಲಾಯಿಸಲು ಹೋಗಬೇಡಿ. ಇಂಜೆಕ್ಟರಿಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪ್ ವಿಇ ಮಾದರಿಯ ರೋಟರಿ ಪಂಪ್. ಇಸಿಯು (ಎಂಜಿನ್ ಕಂಪ್ಯೂಟರ್) ಇಲ್ಲ, ಸೆನ್ಸರ್ ಇಲ್ಲ, ಸ್ಕ್ಯಾನರ್ ಹಾಕಿ ಕೋಡ್ ಓದುವ ಮಾತೂ ಇಲ್ಲ. ಕಣ್ಣು, ಕಿವಿ, ಸ್ಪ್ಯಾನರ್ ಅಷ್ಟೇ.

ಹಂಟಿಂಗ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ಪಂಪ್ ಹೋಗಿದೆ, ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಿ. ಒಬ್ಬರು ಇನ್ನೂ ಮುಂದೆ ಹೋಗಿ ಪಂಪಿನ ಹಿಂದಿನ ಡೀಸೆಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿಕೊಡುತ್ತೇನೆ ಅಂದರು. ನಾನು ಒಪ್ಪಲಿಲ್ಲ. ಆ ಸ್ಕ್ರೂ ಒಮ್ಮೆ ತಿರುಗಿತು ಅಂದರೆ ಪಂಪ್ ಟೆಸ್ಟ್ ಬೆಂಚ್ (ಪಂಪ್ ಅಳೆದು ಹೊಂದಿಸುವ ಯಂತ್ರ) ಏರಲೇಬೇಕು. ನಮ್ಮ ಪಂಪ್ ಮೆಕ್ಯಾನಿಕ್ ಕೂಡ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾನ್ ಹಾಕಿ ನೋಡಿದ್ರಾ ಸರ್? ನೋಡಿಲ್ಲ ಅಂದ್ರೆ ಪಂಪ್ ತರಬೇಡಿ."

ಅವರು ಆಡುಗೋಡಿಯ ಮೈಕೋ ಫ್ಯಾಕ್ಟರಿಯಲ್ಲಿ ಕೆಲಸ ಕಲಿತವರು. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಹಳಬರ ಬಾಯಲ್ಲಿ ಮಾತ್ರ ಇನ್ನೂ ಮೈಕೋ ಪಂಪೇ. ಬೆಂಗಳೂರಿನಲ್ಲಿ ಡೀಸೆಲ್ ಪಂಪ್ ಬಲ್ಲ ಕೈಗಳು ಇಷ್ಟು ಸಿಗುವುದಕ್ಕೆ ಆ ಫ್ಯಾಕ್ಟರಿಯೂ ಒಂದು ಕಾರಣ ಅಂತ ನನ್ನ ಲೆಕ್ಕ.

ಕ್ಯಾನ್ ಹಾಕುವುದು ಅಂದರೆ ಟ್ಯಾಂಕಿನ ಬದಲು ಬೇರೆ ಕ್ಯಾನಿನಿಂದ ಡೀಸೆಲ್ ಕೊಟ್ಟು ನೋಡುವುದು. ಯಾಕೆ ಅಂದರೆ, ವಿಇ ಪಂಪಿನ ಒಳಗೆ ಒಂದು ಪುಟ್ಟ ವೇನ್ ಪಂಪ್ ಇದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವುದು ಅದೇ. ಅದು ಪಂಪಿನ ಹೊಟ್ಟೆಯಲ್ಲಿ ಒಂದು ಒತ್ತಡ ಕಟ್ಟುತ್ತದೆ. ಆರ್‌ಪಿಎಂ ಏರಿದ ಹಾಗೆ ಆ ಒತ್ತಡವೂ ಏರುತ್ತದೆ. ಇಂಜೆಕ್ಷನ್ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು) ಮುಂದಕ್ಕೆ ಹೋಗುವುದು ಆ ಒತ್ತಡದಿಂದಲೇ. ಡೀಸೆಲ್ ಜೊತೆ ಗಾಳಿ ಬಂದರೆ ಒತ್ತಡ ಬೀಳುತ್ತದೆ, ಟೈಮಿಂಗ್ ಹಿಂದೆ ಸರಿಯುತ್ತದೆ, ಇಂಜೆಕ್ಟರಿಗೆ ಹೋಗುವ ಡೀಸೆಲ್ ಕೂಡ ಹೆಚ್ಚುಕಮ್ಮಿ ಆಗುತ್ತದೆ. ಆರ್‌ಪಿಎಂ ಇಳಿದದ್ದು ಕಂಡ ಗವರ್ನರ್ (ಆರ್‌ಪಿಎಂ ಕಾಯುವ ಪಂಪಿನ ಭಾಗ) ಡೀಸೆಲ್ ಜಾಸ್ತಿ ಮಾಡುತ್ತದೆ. ಅಷ್ಟರಲ್ಲಿ ಗಾಳಿ ದಾಟಿ ಹೋಗಿರುತ್ತದೆ, ಆರ್‌ಪಿಎಂ ಜಿಗಿಯುತ್ತದೆ. ಗವರ್ನರ್ ಮತ್ತೆ ಕಮ್ಮಿ ಮಾಡುತ್ತದೆ. ಅಂದರೆ ಗವರ್ನರ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದ್ದರೂ ನಮಗೆ ಅದೇ ಕೆಟ್ಟಂತೆ ಕಾಣುತ್ತದೆ. ಲೋಡ್ ಕಮ್ಮಿ ಇದ್ದಾಗ ಎಂಜಿನ್ನಿಗೆ ಬೇಕಾದ ಡೀಸೆಲ್ ತೀರಾ ಸ್ವಲ್ಪ. ಅದರಲ್ಲಿ ಚೂರು ಏರುಪೇರಾದರೂ ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ.

ಕ್ಯಾನ್ ಹಾಕುವ ಮುಂಚೆ ಒಂದು ಕೆಲಸ ಕಡ್ಡಾಯ. ಟರ್ಬೊ ಹಾಕಿದ ಡೀಸೆಲ್‌ನಲ್ಲಿ ಆರ್‌ಪಿಎಂ ತಾನಾಗಿ ಏರುತ್ತಿದ್ದರೆ ಮೊದಲು ಇಂಟರ್‌ಕೂಲರ್ ಪೈಪ್ ಬಿಚ್ಚಿ ಒಳಗೆ ಎಂಜಿನ್ ಆಯಿಲ್ ನಿಂತಿದೆಯಾ ನೋಡಿ. ಟರ್ಬೊ ಸೀಲ್ ಹೋಗಿ ಆಯಿಲ್ ಒಳಗೆ ಬಂದರೆ ಎಂಜಿನ್ ಅದನ್ನೇ ಸುಟ್ಟುಕೊಂಡು ಓಡಲು ಶುರುಮಾಡುತ್ತದೆ. ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಗಾಳಿ ಬರುವ ಬಾಯಿ ಮುಚ್ಚಬೇಕು. ನನ್ನ ಪೈಪ್‌ನಲ್ಲಿ ತೆಳುವಾದ ಪಸೆ ಮಾತ್ರ ಇತ್ತು, ಅದು ಮಾಮೂಲು. ಆದರೂ ಪರೀಕ್ಷೆ ಮುಗಿಯುವವರೆಗೆ ಒಂದು ದಪ್ಪ ಹಲಗೆ ಬಾನೆಟ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಕೈ ಅಡ್ಡ ಹಿಡಿಯುವ ಸಾಹಸ ಬೇಡ.

ಏರ್ ಫಿಲ್ಟರ್, ಆಕ್ಸಿಲರೇಟರ್ ಕೇಬಲ್, ಲಿವರ್ ಸ್ಪ್ರಿಂಗ್ ಎಲ್ಲ ಸರಿ. ಡೀಸೆಲ್ ಫಿಲ್ಟರ್ ಹೊಸದು.

ಕ್ಯಾನ್ ಪರೀಕ್ಷೆಗೆ ಬೇಕಾದದ್ದು ಶುದ್ಧ ಡೀಸೆಲ್ ತುಂಬಿದ 5 ಲೀಟರ್ ಕ್ಯಾನ್, ಕ್ಲಿಪ್ಪುಗಳು, ಮತ್ತೆ ಒಳಗಿರುವುದು ಕಾಣುವ ಪೈಪ್. ಗಾರೆಯವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪ್ ಇದೆ ಅಲ್ವಾ, ಅದೇ ಸಾಕು. ಪರೀಕ್ಷೆಗೆ ಮಾತ್ರ. ಡೀಸೆಲ್ ತಾಗಿ ಅದು ಬೇಗ ಗಟ್ಟಿಯಾಗುತ್ತದೆ, ಅದನ್ನೇ ಬಿಟ್ಟು ಗಾಡಿ ಓಡಿಸಬಾರದು.

ಮೊದಲು ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ನೇರ ಪಂಪಿಗೆ ಕೊಟ್ಟೆ. ರಿಟರ್ನ್ (ಪಂಪಿನಿಂದ ಉಳಿದ ಡೀಸೆಲ್ ವಾಪಸ್ ಬರುವ ಪೈಪ್) ಕೂಡ ಅದೇ ಕ್ಯಾನಿಗೆ. ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಗೊಣಗಿತು, ಆಮೇಲೆ 750ಕ್ಕೆ ಬಂದು ಕೂತುಬಿಟ್ಟಿತು. ಮುಳ್ಳು ಅಲುಗಲಿಲ್ಲ. ಐಡಲ್ ಮಟ್ಟಿಗೆ ಪಂಪೂ ಗವರ್ನರೂ ಪಾಸ್. ಬೆಂಚ್ ಖರ್ಚು ಉಳಿಯಿತು.

ಇನ್ನು ಪಂಪಿನಿಂದ ಟ್ಯಾಂಕಿನ ಕಡೆ ಹಿಂದಕ್ಕೆ ಹೋಗಬೇಕು. ಈಗ ಕ್ಯಾನ್ ನೆಲದ ಮೇಲೆ. ಎತ್ತರದಲ್ಲಿದ್ದರೆ ಡೀಸೆಲ್ ತಾನೇ ಇಳಿದು ಬರುತ್ತದೆ, ಏರ್ ಎಳೆಯುವ ಜಾಗ ಮರೆಯಾಗುತ್ತದೆ. ಫಿಲ್ಟರ್ ಸೇರಿಸಿದೆ: ಸರಿ. ನೀರಿನ ಫಿಲ್ಟರ್ ಸೇರಿಸಿದೆ: ಸರಿ. ಚಾಸಿ ಉದ್ದಕ್ಕೂ ಬರುವ ಪೈಪಿನ ಟ್ಯಾಂಕ್ ಕಡೆಯ ತುದಿ ಬಿಚ್ಚಿ ಕ್ಯಾನಿಗೆ ಅದ್ದಿದೆ: ಅದೂ ಸರಿ. ವಾಪಸ್ ಟ್ಯಾಂಕಿಗೆ ಕೊಟ್ಟ ಕೂಡಲೇ ಲೆವೆಲ್ ಪೈಪ್‌ನಲ್ಲಿ ಗುಳ್ಳೆಗಳ ಸಾಲು, ಮುಳ್ಳು ಮತ್ತೆ ಕುಣಿತ. ಟ್ಯಾಂಕ್ ಮುಚ್ಚಳ ಸಡಿಲ ಮಾಡಿದರೂ ವ್ಯತ್ಯಾಸ ಇಲ್ಲ, ಹಾಗಾಗಿ ವೆಂಟ್ ಕಟ್ಟಿಕೊಂಡಿಲ್ಲ.

ತೊಂದರೆ ಸಿಕ್ಕಿದ್ದು ಟ್ಯಾಂಕಿನ ಒಳಗೆ ಇಳಿಯುವ ಸಕ್ಷನ್ ಪೈಪ್‌ನಲ್ಲಿ. ಅದು ಒಂದೇ ತುಂಡಲ್ಲ. ನಡುವೆ ಎರಡು ತುಂಡು ಸೇರಿಸಿ ಬ್ರೇಜಿಂಗ್ (ಒಂದು ಬಗೆಯ ಬೆಸುಗೆ) ಮಾಡಿದ್ದಾರೆ. ಕೆಳಗಿನ ತುದಿ ಮುಚ್ಚಿ, ಮೇಲಿನಿಂದ ಸೈಕಲ್ ಪಂಪ್ ಹೊಡೆದು ನೀರಿನ ಬಕೆಟ್‌ಗೆ ಇಳಿಸಿದರೆ ಆ ಸೇರುವ ಜಾಗದಿಂದ ಸಣ್ಣ ಗುಳ್ಳೆಗಳು ಪುಟಪುಟ ಬಂದವು. ಸೂಜಿಮೊನೆಯಷ್ಟು ತೂತು. ಎಳನೀರಿನ ಸ್ಟ್ರಾ ನಡುವೆ ತೂತಾದರೆ ಬಾಯಿಗೆ ಗಾಳಿಯೇ ಬರುತ್ತದಲ್ಲ, ಇದೂ ಅದೇ. ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲ್ ಒಳಗೆ ಮುಳುಗಿರುತ್ತದೆ, ಆಗ ಎಳೆದುಕೊಂಡರೂ ಡೀಸೆಲ್ಲೇ. ಅರ್ಧಕ್ಕಿಂತ ಇಳಿದರೆ ತೂತು ಗಾಳಿಗೆ ತೆರೆಯುತ್ತದೆ. ಬಂಕ್‌ನಲ್ಲಿ ಫುಲ್ ಮಾಡಿಸಿದ ದಿನ ಗಾಡಿ ಸುಮ್ನೆ ಓಡಿ, ಎರಡು ಮೂರು ದಿನ ಬಿಟ್ಟು ಕುಣಿಯುತ್ತಿದ್ದುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸಕ್ಷನ್ ಕಡೆ ತೂತಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಮ್ಮಿ, ಹಾಗಾಗಿ ಗಾಳಿ ಒಳಗೆ ಹೋಗುತ್ತದೆ. ಗಾಡಿ ಕೆಳಗೆ ನೆಲ ಒಣಗಿದೆ, ಲೀಕ್ ಇಲ್ಲ ಅನ್ನುವುದು ಸಾಕ್ಷಿಯೇ ಅಲ್ಲ.

ಪೈಪಿಗೆ ಮತ್ತೆ ಬ್ರೇಜಿಂಗ್ ಮಾಡಿಸಲಿಲ್ಲ. ಒಂದೇ ತುಂಡಿನ ಸ್ಟೀಲ್ ಪೈಪ್ ಬಗ್ಗಿಸಿ ಹಾಕಿದ್ದಾಯಿತು. ತುದಿ ತಳಕ್ಕೆ ತಾಗದಂತೆ ಸ್ವಲ್ಪ ಮೇಲೆ ನಿಲ್ಲಿಸಿ, ಓರೆಯಾಗಿ ಕತ್ತರಿಸಿದ್ದೇನೆ. ತಳದ ಕಸ, ನೀರು ಎಳೆಯಬಾರದು. ಬ್ಯಾಂಜೋ ಬೋಲ್ಟ್‌ಗಳಿಗೆ (ಒಳಗಿಂದ ಡೀಸೆಲ್ ಹರಿಯುವ ಟೊಳ್ಳು ಬೋಲ್ಟ್) ಹೊಸ ತಾಮ್ರದ ವಾಷರ್. ಸತು ಲೇಪಿಸಿದ ಜಿಐ ಪೈಪ್ ಬೇಡ, ಅದರ ಸತು ಡೀಸೆಲ್ ಜೊತೆ ಹೊಂದುವುದಿಲ್ಲ.

ಬಿಚ್ಚಿದ್ದೇ ಆಯಿತು ಅಂತ ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆ. ಹಳೇ ಗಾಡಿ ಇಟ್ಟುಕೊಂಡವರು ಇದನ್ನು ಗಮನಿಸಿ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್, ಗಂಧಕ 10 ಪಿಪಿಎಂ ಒಳಗೆ. ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಬೇರೆ ಅಂಶಗಳೂ ಬದಲಾಗುತ್ತವೆ. ವರ್ಷಗಟ್ಟಲೆ ಹಳೇ ಡೀಸೆಲ್‌ನಲ್ಲಿ ಉಬ್ಬಿ ಕೂತಿದ್ದ ನೈಟ್ರೈಲ್ ರಬ್ಬರ್ ಸೀಲುಗಳು ಹೊಸದರಲ್ಲಿ ಕುಗ್ಗಿ ಗಾಳಿಗೆ ದಾರಿ ಬಿಡಬಹುದು. ಪಂಪ್ ಯಾವಾಗಲಾದರೂ ಬಿಚ್ಚಿಸಿದರೆ ವಿಟಾನ್ (ಇನ್ನೊಂದು ಬಗೆಯ ರಬ್ಬರ್) ಸೀಲ್ ಹಾಕಿಸಿ.

ಈಗ ಐಡಲ್ ಕಲ್ಲಿನಂತೆ ನಿಂತಿದೆ. ಟ್ಯಾಂಕ್ ಕಾಲು ಭಾಗಕ್ಕೆ ಇಳಿಸಿ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿವರೆಗೆ ಹೋಗಿ ಬಂದೆ. 60ರಲ್ಲಿ ಜಗ್ಗಾಟ ಪೂರಾ ಹೋಗಿದೆ.

ಆದರೆ ಪೂರ್ತಿ ಗೆದ್ದೆ ಅನ್ನುವಂತಿಲ್ಲ. ಮೂರನೇ ಗೇರ್‌ನಲ್ಲಿ 2000 ಆರ್‌ಪಿಎಂ ಹತ್ತಿರ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಹತ್ತುವ ಹೊತ್ತಿಗೆ ಒಂದು ಚಿಕ್ಕ ತಡವರಿಕೆ ಉಳಿದಿದೆ. ಇದರ ನಂಟು ಡೀಸೆಲ್ ಲೈನಿಗಲ್ಲ, ಟರ್ಬೊಗೆ. ಪಂಪಿನ ತಲೆಯ ಮೇಲೆ ಒಂದು ಡಯಾಫ್ರಾಮ್ (ರಬ್ಬರ್ ಪರದೆ) ಇದೆ. ಬೂಸ್ಟ್ ಬಂದಾಗ ಅದು ಕೆಳಗೆ ಒತ್ತಿ ಡೀಸೆಲ್ ಜಾಸ್ತಿ ಬಿಡಿಸುತ್ತದೆ. ಅದಕ್ಕೆ ಬೂಸ್ಟ್ ತರುವ ಪೈಪ್ ತಾತ್ಕಾಲಿಕವಾಗಿ ಮುಚ್ಚಿ ಓಡಿಸಿದರೆ ತಡವರಿಕೆ ಮಾಯ, ಜೊತೆಗೆ ಶಕ್ತಿಯೂ ಮಾಯ. ವೇಸ್ಟ್‌ಗೇಟ್ (ಬೂಸ್ಟ್ ಮಿತಿಮೀರದಂತೆ ತಡೆಯುವ ಕವಾಟ), ಬೂಸ್ಟ್ ಗೇಜ್, ಡಯಾಫ್ರಾಮ್ ಮೂರಕ್ಕೂ ಒಂದೇ ಸಣ್ಣ ಪೈಪ್‌ನಿಂದ ಕವಲು ಹೊಡೆದಿತ್ತು. ಡಯಾಫ್ರಾಮ್‌ಗೆ ಮ್ಯಾನಿಫೋಲ್ಡ್‌ನಿಂದ ಬೇರೆ ಪೈಪ್ ಕೊಟ್ಟಮೇಲೆ ಕಮ್ಮಿಯಾಯಿತು, ನಿಲ್ಲಲಿಲ್ಲ. ಕೈ ಪಂಪ್‌ನಿಂದ ಒತ್ತಡ ಕೊಟ್ಟು ನೋಡಿದರೆ ಗೇಜ್ ಮುಳ್ಳು ನಿಧಾನಕ್ಕೆ ಇಳಿಯುತ್ತಿದೆ. ಅಂದರೆ ರಬ್ಬರ್ ಎಲ್ಲೋ ಬಿರಿದಿದೆ.

ಮೇಲಿನ ಮುಚ್ಚಳಕ್ಕೆ ಇರುವುದು ನಾಲ್ಕು ಸ್ಕ್ರೂ, ಪಂಪ್ ಗಾಡಿಯಲ್ಲಿದ್ದಂತೆಯೇ ಬದಲಾಯಿಸಬಹುದು. ಒಳಗಿನ ಪಿನ್ ಯಾವ ಕೋನದಲ್ಲಿ ಕೂತಿದೆ ಅಂತ ಗುರುತು ಹಾಕಿಕೊಂಡೇ ಎತ್ತಬೇಕು, ತಿರುಗಿದರೆ ಡೀಸೆಲ್ ಪ್ರಮಾಣವೇ ಬದಲಾಗುತ್ತದೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಪಂಪ್ ನಂಬರ್ ಬರೆದುಕೊಟ್ಟು ಬಂದಿದ್ದೇನೆ. ಸಿಕ್ಕರೆ ಶನಿವಾರ ಹಾಕುತ್ತೇನೆ. ಅಲ್ಲಿವರೆಗೆ ಬೂಸ್ಟ್ ಪೈಪ್ ಮುಚ್ಚಿಕೊಂಡೇ ಓಡಾಟ, ಫ್ಲೈಓವರ್ ಏರುವಾಗ ಎರಡನೇ ಗೇರ್.