ಹಿಂಜವಡಿಯ ಸರಪಂಚರೂ ಚಿಲಿಯ ಅಧ್ಯಕ್ಷರೂ

ನಮ್ಮ ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರನ್ನು ಆರಿಸುವುದು ಗೆದ್ದ ಸದಸ್ಯರು. ಪುಣೆಯ ಹಿಂಜವಡಿ ಸುತ್ತಮುತ್ತ ಫ್ಲ್ಯಾಟ್ ತಗೊಂಡು ಮತದಾರರ ಪಟ್ಟಿಗೆ ಸೇರಿದ ಕನ್ನಡಿಗರು ಇಲ್ಲಿ ವಾರ್ಡಿನ ಸದಸ್ಯರಿಗಲ್ಲದೆ ಸರಪಂಚರಿಗೂ, ಅಂದರೆ ಪಂಚಾಯಿತಿಯ ಅಧ್ಯಕ್ಷರಿಗೂ, ನೇರವಾಗಿ ಮತ ಹಾಕುತ್ತಾರೆ. ಮಹಾರಾಷ್ಟ್ರ ಈ ಪದ್ಧತಿಯನ್ನು 2017ರಲ್ಲಿ ತಂದಿತು, 2020ರಲ್ಲಿ ಕೈಬಿಟ್ಟಿತು, 2022ರಲ್ಲಿ ಮತ್ತೆ ತಂದಿತು. ಸರ್ಕಾರ ಬದಲಾದಂತೆ ಕಾನೂನೂ ಬದಲು.

ಫಲಿತಾಂಶದ ದಿನ ಸರಪಂಚರು ಒಂದು ಪ್ಯಾನೆಲ್‌ನವರು (ಒಟ್ಟಾಗಿ ಚುನಾವಣೆಗೆ ನಿಂತ ಗುಂಪಿನವರು), ಹೆಚ್ಚಿನ ಸದಸ್ಯರು ಇನ್ನೊಂದು ಪ್ಯಾನೆಲ್‌ನವರು ಆದರೆ ತಕರಾರು ಶುರು. ಸಭೆಗೆ ಸರಪಂಚರೇ ಅಧ್ಯಕ್ಷರು, ಠರಾವಿಗೆ ಬೇಕಾದ ಕೈಗಳು ಮಾತ್ರ ಎದುರಿನವು. ‘ನನ್ನನ್ನು ಇಡೀ ಊರು ಆರಿಸಿದೆ’ ಎಂದು ಇವರು, ‘ನಮ್ಮನ್ನೂ ಅದೇ ಊರು ಆರಿಸಿದೆ’ ಎಂದು ಅವರು. ಇಬ್ಬರ ಮಾತೂ ನಿಜ.

ಇಳಿಸುವುದೂ ಸುಲಭವಲ್ಲ. ಮೊದಲ ಎರಡು ವರ್ಷ ಅವಿಶ್ವಾಸ ತರುವಂತಿಲ್ಲ, ಕೊನೆಯ ಆರು ತಿಂಗಳೂ ಇಲ್ಲ. ನಡುವೆ ತಂದರೆ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು, ಆಮೇಲೆ ಗ್ರಾಮಸಭೆ ಗುಪ್ತ ಮತದಾನದಲ್ಲಿ ಅನುಮೋದಿಸಬೇಕು. 60 ತಿಂಗಳ ಅವಧಿಯಲ್ಲಿ ಸಿಗುವುದು 30 ತಿಂಗಳು. ಒಮ್ಮೆ ಸೋತರೆ ಮುಂದಿನ ಎರಡು ವರ್ಷ ಮತ್ತೆ ತರುವಂತಿಲ್ಲ.

ಅಧ್ಯಕ್ಷರನ್ನೂ ಸಂಸತ್ತನ್ನೂ ಜನ ಬೇರೆ ಬೇರೆಯಾಗಿ ಆರಿಸುವ ಅಧ್ಯಕ್ಷೀಯ ಪದ್ಧತಿಯಲ್ಲಿ ಇದೇ ಜಗಳ ಹೊಸ ಪ್ರಜಾಪ್ರಭುತ್ವಗಳನ್ನು ಮುರಿಯುತ್ತದೆ ಎಂದು ರಾಜಕೀಯ ಶಾಸ್ತ್ರಜ್ಞ ಹುವಾನ್ ಲಿನ್ಸ್ 1990ರಲ್ಲಿ ವಾದಿಸಿದರು. ಅವರ ವಾದಕ್ಕೆ ಚಿಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಅದೇನೂ ಹೊಸ ಪ್ರಜಾಪ್ರಭುತ್ವವಲ್ಲದಿದ್ದರೂ. 1970ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ನಾಯಕ ಸಾಲ್ವಡಾರ್ ಅಯೆಂದೆ ಶೇ. 36ರಷ್ಟು ಮತದಿಂದ ಮೊದಲಿಗರಾದರು. ಯಾರಿಗೂ ಬಹುಮತ ಇಲ್ಲದ್ದರಿಂದ ಅವರನ್ನು ಆರಿಸಿದ್ದು ಸಂಸತ್ತು. ಅಧಿಕಾರ ಆರು ವರ್ಷಕ್ಕೆ, ಸಂಸತ್ತಿನಲ್ಲಿ ಬಹುಮತ ವಿರೋಧಿಗಳದು. ಅಧ್ಯಕ್ಷರನ್ನು ಪದಚ್ಯುತಿ ಮಾಡಲು ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು ಬೇಕು. 1973ರ ಮಾರ್ಚ್ ಚುನಾವಣೆಯಲ್ಲಿ ವಿರೋಧಿಗಳಿಗೆ ಅಷ್ಟು ಸಿಗಲಿಲ್ಲ. ಅಯೆಂದೆ ಪ್ರಧಾನಿಯಾಗಿದ್ದರೆ ಬಹುಮತ ಹೋದ ದಿನ ರಾಜೀನಾಮೆ ಕೊಟ್ಟು ಮುಗಿಯುತ್ತಿತ್ತು. ಇಲ್ಲಿ 1976ರವರೆಗೆ ದಾರಿಯೇ ಇರಲಿಲ್ಲ. 1973ರ ಸೆಪ್ಟೆಂಬರ್ 11ರಂದು ಸೇನೆ ದಂಗೆ ಎದ್ದು ಅಧಿಕಾರ ಹಿಡಿಯಿತು.

ಸರಪಂಚರ ಜಗಳಕ್ಕೆ ಮೇಲೆ ಜಿಲ್ಲಾಧಿಕಾರಿ ಇದ್ದಾರೆ, ಕೋರ್ಟ್ ಇದೆ. ದೇಶದ ಅಧ್ಯಕ್ಷರ ಜಗಳಕ್ಕೆ ಮೇಲೆ ಯಾರಿದ್ದಾರೆ? ಕೋರ್ಟಿಗೆ ಬಲ ಇಲ್ಲದ ಕಡೆ ಬ್ಯಾರಕ್ಕಿನವರೇ. ಹಾಗೆಂದು ತಪ್ಪೆಲ್ಲ ಅಧ್ಯಕ್ಷೀಯ ಪದ್ಧತಿಯದೇ ಎನ್ನಲಾಗದು. ಲಿನ್ಸ್ ಅವರ ವಾದಕ್ಕೆ ಬಂದ ಮುಖ್ಯ ಆಕ್ಷೇಪವೂ ಇದೇ: ಸೇನೆ ಆಳಿ ಹೋದ ದೇಶಗಳೇ ಹೆಚ್ಚಾಗಿ ಅಧ್ಯಕ್ಷೀಯ ಪದ್ಧತಿಯವು, ಅಲ್ಲಿ ಯಾವ ಪದ್ಧತಿ ಇದ್ದರೂ ಅಪಾಯ ಇದ್ದೇ ಇರುತ್ತಿತ್ತು. ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸೇನಾ ಕಾನೂನು ಹೇರಿದಾಗ ಹಾಜರಿದ್ದ 190 ಸಂಸದರೂ ಅದನ್ನು ತೆಗೆಯಬೇಕೆಂದು ಮತ ಹಾಕಿದರು. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಅವರನ್ನು ಇಳಿಸಿತು. ಪದ್ಧತಿ ಅಧ್ಯಕ್ಷೀಯವೇ, ಸಂಸ್ಥೆಗಳು ಗಟ್ಟಿ.

ಕೊರಿಯಾದ ಬಿಕ್ಕಟ್ಟಿಗೆ ಒಂದು ಕಾರಣ ಕ್ಯಾಲೆಂಡರ್. ಅಧ್ಯಕ್ಷರಿಗೆ ಐದು ವರ್ಷ, ಸಂಸತ್ತಿಗೆ ನಾಲ್ಕು. ಹಾಗಾಗಿ ನಡು ಅವಧಿಯಲ್ಲಿ ಎದುರಾಳಿ ಸಂಸತ್ತು ಬಂದು ಕೂರಬಹುದು. ಈ ವಿಷಯದಲ್ಲಿ ಮಹಾರಾಷ್ಟ್ರದ ಏರ್ಪಾಡು ವಾಸಿ, ಸರಪಂಚರಿಗೂ ಸದಸ್ಯರಿಗೂ ಒಂದೇ ದಿನ ಮತದಾನ. ಇಲ್ಲದಿರುವುದು ಎರಡನೇ ಸುತ್ತು, ಅಂದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಮ್ಮೆ ಮತದಾನ. ಇಂಡೋನೇಷ್ಯಾದಲ್ಲಿ ಅಧ್ಯಕ್ಷರಾಗಲು ಅರ್ಧಕ್ಕಿಂತ ಹೆಚ್ಚು ಮತದ ಜೊತೆಗೆ ಅರ್ಧಕ್ಕಿಂತ ಹೆಚ್ಚು ಪ್ರಾಂತ್ಯಗಳಲ್ಲಿ ಕನಿಷ್ಠ ಶೇ. 20 ಬೇಕು, ಇಲ್ಲವಾದರೆ ಮತ್ತೊಂದು ಸುತ್ತು. ಮಹಾರಾಷ್ಟ್ರದ ಊರಲ್ಲಿ ಐದು ಜನ ನಿಂತು ಮತ ಹಂಚಿಹೋದರೆ ಶೇ. 30 ಪಡೆದವರೂ ‘ಇಡೀ ಊರಿನ’ ಸರಪಂಚರೇ.