ಬಿಡಿಭಾಗಗಳಿಂದ ಒಂದು ಎಂ20: ಬೀದರಿನ ಶೆಡ್ಡಿನಿಂದ ಕೆಲಸದ ವರದಿ

ದೀಪಾವಳಿಯ ಹೊತ್ತಿಗೆ ಚಾಸಿ, ಮುಂದಿನ ಫೋರ್ಕ್ ಮತ್ತು ಎರಡು ಗಾಲಿಗಳಷ್ಟೇ ಒಂದು ರೂಪಕ್ಕೆ ಬಂದಿದ್ದ ಎಂ20 ಮೋಟಾರ್ ಸೈಕಲ್ಲಿನಲ್ಲಿ ಈಗ ಎಂಜಿನ್ ಕುಳಿತಿದೆ, ಮ್ಯಾಗ್ನೆಟೊ ಕಿಡಿ ಹಾರಿಸುತ್ತಿದೆ, ಕಾರ್ಬೊರೇಟರಿನ ಕೆಲಸವೂ ಬಹುಮಟ್ಟಿಗೆ ಮುಗಿದಿದೆ. ಫೆಬ್ರವರಿಯಿಂದ ಜೂನ್‌ವರೆಗೆ ಏನೇನು ನಡೆಯಿತೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಗಾಡಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ ಸೈನ್ಯಕ್ಕೆಂದು 1,26,000ಕ್ಕೂ ಹೆಚ್ಚು ಎಂ20 ಮೋಟಾರ್ ಸೈಕಲ್‌ಗಳನ್ನು ತಯಾರಿಸಿತು. ಒಂದೇ ಸಿಲಿಂಡರ್, 496 ಸಿಸಿ, 82 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), 94 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಸುಮಾರು 13 ಅಶ್ವಶಕ್ತಿ. ವಾಲ್ವುಗಳು ಇಂದಿನ ಎಂಜಿನ್ನುಗಳಂತೆ ಹೆಡ್ಡಿನಲ್ಲಿ ಇರುವುದಿಲ್ಲ, ಸಿಲಿಂಡರಿನ ಪಕ್ಕದಲ್ಲಿ ತಲೆ ಮೇಲಾಗಿ ನಿಂತಿರುತ್ತವೆ. ಹಿಂದಿನ ಗಾಲಿಗೆ ಸಸ್ಪೆನ್ಷನ್ ಎಂಬುದೇ ಇಲ್ಲ. ಸವಾರನ ಬೆನ್ನನ್ನು ಕಾಯುವುದು ಸೀಟಿನ ಕೆಳಗಿನ ಸ್ಪ್ರಿಂಗು ಮಾತ್ರ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಗಾಡಿಗಳು ಹರಾಜಿನಲ್ಲಿ ಊರೂರಿಗೆ ಹಂಚಿಹೋದವು, ಅವುಗಳ ತುಂಡುಗಳು ಈಗಲೂ ಗುಜರಿಯಲ್ಲಿ ಸಿಗುತ್ತವೆ.

ನನ್ನದು ಹಾಗೆ ಸಿಕ್ಕ ತುಂಡುಗಳ ಗಾಡಿ. ಚಾಸಿ ಭಾಲ್ಕಿ ಕಡೆಯ ಒಂದು ತೊಗರಿ ಗೋದಾಮಿನಿಂದ ಬಂತು, ಎಂಜಿನ್ನಿನ ಕೇಸು ಹೈದರಾಬಾದಿನ ಜುಮ್ಮೆರಾತ್ ಬಜಾರಿನಲ್ಲಿ ದೊರಕಿತು, ಗೇರ್‌ಬಾಕ್ಸ್ ಸೊಲ್ಲಾಪುರದಿಂದ. ಚಾಸಿಯ ತಲೆಯ ಎಡಬದಿಯಲ್ಲಿಯೂ ಎಂಜಿನ್ನಿನ ಎಡಗಡೆಯ ಕೇಸಿನ ಮೇಲೂ ಡಬ್ಲ್ಯುಎಂ20 ಎಂದು ಶುರುವಾಗುವ ಸಂಖ್ಯೆಗಳಿವೆ, ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆಯಾಗದ ಗಾಡಿ ಅರ್ಧ ಬೆಲೆಯದು ಎಂದು ಮೂಗು ಮುರಿಯುವವರಿದ್ದಾರೆ. ಸೈನ್ಯದ ವರ್ಕ್‌ಶಾಪುಗಳಲ್ಲಿ ಕೆಟ್ಟ ಎಂಜಿನ್ ತೆಗೆದು ರಿಪೇರಿಯಾಗಿ ಸಿದ್ಧವಿದ್ದ ಇನ್ನೊಂದನ್ನು ಕೂಡಿಸಿ ಗಾಡಿಯನ್ನು ಹೊರಗೆ ಕಳಿಸುವುದೇ ಪದ್ಧತಿಯಾಗಿತ್ತು. ಸಂಖ್ಯೆ ನೋಡಿ ಜೋಡಿ ಕೂಡಿಸುತ್ತ ಕೂತಿದ್ದರೆ ಕೆಲಸ ಸಾಗುತ್ತಿರಲಿಲ್ಲ. ಯಾವ ಗಾಡಿಯ ತುಂಡು ಯಾವ ಗಾಡಿಗಾದರೂ ಕೂಡಬೇಕೆಂಬ ಲೆಕ್ಕದಲ್ಲೇ ತಯಾರಾದ ಯಂತ್ರ ಇದು. ಹಾಗಾಗಿ ಸಂಖ್ಯೆಯ ಬೆನ್ನು ಹತ್ತದೆ, ಪ್ರತಿ ಭಾಗವೂ ಅಳತೆಗೆ ಸರಿಯಾಗಿ ಕೂರಬೇಕು ಮತ್ತು ಗಾಡಿ ನೂರು ಕಿಲೋಮೀಟರ್ ಓಡಿ ತಾನಾಗಿ ಮನೆಗೆ ಮರಳಬೇಕು ಎಂಬ ಎರಡು ನಿಯಮಗಳನ್ನು ಇಟ್ಟುಕೊಂಡಿದ್ದೇನೆ.

ಫೆಬ್ರವರಿ

ಈ ತಿಂಗಳು ಪೂರ್ತಿ ನಟ್ಟು ಬೋಲ್ಟಿನ ಪಾಲಾಯಿತು. ಎಂ20ಯ ಚೂಡಿಗಳು, ಅಂದರೆ ಬೋಲ್ಟಿನ ಎಳೆಗಳು, ಇಂಚಿನ ಲೆಕ್ಕದವು: ಕೇಸಿನ ಕೆಲವು ಕಡೆ ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಅಳತೆ, ಕೆಲವು ಕಡೆ ಅದರ ಸಣ್ಣ ಎಳೆಯ ರೂಪವಾದ ಬಿಎಸ್‌ಎಫ್, ಚಾಸಿ ಮತ್ತು ಸ್ಪಿಂಡಲ್ಲುಗಳಲ್ಲಿ ಇಂಚಿಗೆ 26 ಎಳೆಯ ಸೈಕಲ್ ಚೂಡಿ. ವಿಟ್‌ವರ್ತ್ ಎಳೆಯ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್ ಬೋಲ್ಟಿನದು 60. ಎಪ್ಪತ್ತೆಂಬತ್ತು ವರ್ಷಗಳಲ್ಲಿ ಎಷ್ಟೋ ಕೈಗಳು ಸಿಕ್ಕ ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ತುರುಕಿದ್ದರಿಂದ ಅಲ್ಯೂಮಿನಿಯಂ ಕೇಸಿನ ಅರ್ಧಕ್ಕರ್ಧ ತೂತುಗಳ ಎಳೆ ಕಿತ್ತುಹೋಗಿತ್ತು. ಪಾನಾಗಳ ಗೊಂದಲ ಬೇರೆ, ಏಕೆಂದರೆ ವಿಟ್‌ವರ್ತ್ ಪಾನಾದ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಅದರ ತಲೆಯ ಅಗಲವನ್ನಲ್ಲ.

ನೌಬಾದಿನ ಒಂದು ಲೇಥ್ ಅಂಗಡಿಯಲ್ಲಿ ಹಳೆಯ ಬಟಾಲಾ ಲೇಥ್ ಇದೆ. ಅದರ ಲೀಡ್‌ಸ್ಕ್ರೂ, ಅಂದರೆ ಎಳೆಯ ಅಳತೆ ನಿರ್ಧರಿಸುವ ಉದ್ದ ತಿರುಪು, ಇಂಚಿನದು. ಗೇರುಗಳನ್ನು ಬದಲಿಸಿ 26 ಎಳೆ ಕತ್ತರಿಸಲು ಮಿಸ್ತ್ರಿಗೆ ಯಾವ ತೊಂದರೆಯೂ ಆಗಲಿಲ್ಲ. ಹಳೆಯ ಬುಲೆಟ್ಟುಗಳ ಸಹವಾಸದಿಂದ ಅವರಿಗೆ ಈ ಎಳೆಯ ಪರಿಚಯ ಮೊದಲೇ ಇತ್ತು. ಬುಲೆಟ್ 1955ರಲ್ಲಿ ಮದರಾಸಿನಲ್ಲಿ ತಯಾರಾಗತೊಡಗಿದ್ದು ಇಂಗ್ಲಿಷ್ ನಕ್ಷೆಯಂತೆಯೇ ಆದ್ದರಿಂದ ನಮ್ಮ ಭಾಗದ ಮಿಸ್ತ್ರಿಗಳ ಕೈಯಲ್ಲಿ ಆ ಅಳತೆಗಳು ಉಳಿದುಕೊಂಡಿವೆ, ಅದರ ಲಾಭ ಈಗ ನನಗೆ ಸಿಗುತ್ತಿದೆ. ಇನ್ನೊಂದು ಲಾಭ ಟಯರಿನದು: ಎಂ20ಯ ಗಾಲಿಗೆ ಬೇಕಾದ 3.25-19 ಅಳತೆ ಹಳೆಯ ಬುಲೆಟ್ಟಿನದೂ ಹೌದಾದ್ದರಿಂದ ಟಯರು ಬೀದರಿನ ಅಂಗಡಿಯಲ್ಲೇ ಸಿಕ್ಕಿತು.

ಫೋರ್ಕಿನ ಸ್ಪಿಂಡಲ್ಲುಗಳನ್ನು ಮಾತ್ರ ಎರಡನೇ ಸಲ ಮಾಡಿಸಬೇಕಾಯಿತು. ಹೊರಗಿನಿಂದ ತರಿಸಿದ್ದ ಜೋಡಿ ನೋಡಲು ಚೆಂದವಾಗಿತ್ತು, ಕಾನಸು ಹಾಕಿದರೆ ಬೆಣ್ಣೆಯಂತೆ ಸವೆಯುತ್ತಿತ್ತು. ಮಾರಿದವರು ಫೋನ್ ಎತ್ತುವುದನ್ನು ಬಿಟ್ಟರು. ಈಗ ಹಾಕಿರುವವು ನೌಬಾದಿನಲ್ಲೇ ಗಟ್ಟಿ ಉಕ್ಕಿನಿಂದ ತಿರುವಿ, ಹದ ಹಾಕಿಸಿ, ಗ್ರೈಂಡ್ ಮಾಡಿಸಿದವು, ಬುಶ್‌ಗಳು ಕಂಚಿನವು.

ಮಾರ್ಚ್, ಏಪ್ರಿಲ್

ಎಂಜಿನ್ನಿನ ಕೆಳಭಾಗ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿನಲ್ಲಿ ಮೇಲೆ ಕೆಳಗೆ ಆಟ ಕೈಗೇ ತಿಳಿಯುವಷ್ಟಿತ್ತು. ಎರಡೂ ಫ್ಲೈವೀಲ್‌ಗಳನ್ನು ಬಿಡಿಸಿ, ಹೊಸ ಕ್ರ್ಯಾಂಕ್ ಪಿನ್ ಮತ್ತು ರೋಲರುಗಳನ್ನು ಹಾಕಿ, ಲೇಥಿನ ಎರಡು ಸೆಂಟರುಗಳ ನಡುವೆ ಇಟ್ಟು ಡಯಲ್ ಗೇಜ್ ಹಚ್ಚಿ ನೇರ ಮಾಡಿದೆವು. ತಾಮ್ರದ ಸುತ್ತಿಗೆಯಿಂದ ಒಂದು ಏಟು, ಮತ್ತೆ ತಿರುಗಿಸಿ ಮುಳ್ಳು ನೋಡುವುದು, ಮತ್ತೆ ಒಂದು ಏಟು: ಹೀಗೆ ಮುಳ್ಳಿನ ಓಲಾಟ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದೊಳಗೆ ಬರುವ ತನಕ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಏಟು ಎಲ್ಲಿ ಬೀಳಬೇಕೆಂಬುದನ್ನು ಮಿಸ್ತ್ರಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು, ಗುರುತು ಅಳಿಸುವ ಮೊದಲೇ ಏಟು ಬಿದ್ದಿರುತ್ತಿತ್ತು.

ಸಿಲಿಂಡರನ್ನು 0.020 ಇಂಚು ಓವರ್‌ಸೈಜಿಗೆ ಬೋರಿಂಗ್ ಮಾಡಿಸಿದೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನೇ ಅಳೆದು ಬೋರು ಕೊರೆಸಬೇಕೇ ಹೊರತು ಡಬ್ಬಿಯ ಮೇಲಿನ ಅಂಕಿಯನ್ನು ನಂಬಬಾರದು. ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಸುಟ್ಟ ಗಾಳಿ ಸಿಲಿಂಡರಿನ ಮೈಯೊಳಗಿನ ದಾರಿಯಿಂದಲೇ ಹೊರಗೆ ಹೋಗುತ್ತದೆ, ಆದ್ದರಿಂದ ಆ ಬದಿ ಹೆಚ್ಚು ಕಾದು ಬೋರಿನ ಗುಂಡಗಿನ ಆಕಾರ ತುಸು ತಪ್ಪುತ್ತದೆ. ಬುಲೆಟ್ಟಿಗೆ ಕೊಡುವ ಬಿಗಿಯನ್ನು ಇದಕ್ಕೂ ಕೊಟ್ಟರೆ ಮೇ ತಿಂಗಳ ಬಿಸಿಲಿನಲ್ಲಿ ಪಿಸ್ಟನ್ ಹಿಡಿದುಕೊಳ್ಳುವುದು ಖಂಡಿತ.

ವಾಲ್ವ್ ಸೀಟುಗಳಿಗೆ ಗಟ್ಟಿ ಉಂಗುರ ಹಾಕಿಸಬೇಕೇ ಎಂಬ ಚರ್ಚೆ ನಡೆಯಿತು. ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತಿರುವುದರಿಂದ ಹಳೆಯ ಬೀಡು ಕಬ್ಬಿಣದ ಸೀಟುಗಳು ಸವೆಯುತ್ತವೆ ಎಂಬ ವಾದ ಸುಳ್ಳಲ್ಲ. ಆದರೆ ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ ಸುಮಾರು 5:1 ಮಾತ್ರ. ಯುದ್ಧಕಾಲದ ಕಳಪೆ ಪೆಟ್ರೋಲಿನಲ್ಲಿ ದಿನವಿಡೀ ಎಳೆಯಲೆಂದೇ ಅದನ್ನು ಹಾಗೆ ಇಟ್ಟಿದ್ದರು. ಗಂಟೆಗೆ ಅರವತ್ತು ಕಿಲೋಮೀಟರಿನೊಳಗೆ ಓಡುವ ಗಾಡಿಗೆ ಉಂಗುರದ ಖರ್ಚು ವ್ಯರ್ಥವೆಂದು ಕೈಬಿಟ್ಟೆ, ಎಗ್ಸಾಸ್ಟ್ ವಾಲ್ವನ್ನು ಮಾತ್ರ ಹೊಸದು ಹಾಕಿದೆ.

ಮೇ

ಬಿಸಿಲು ಏರಿದ್ದರಿಂದ ಶೆಡ್ಡಿನಲ್ಲಿ ಬೆಳಿಗ್ಗೆ ಹತ್ತರೊಳಗೆ ಕೆಲಸ, ಉಳಿದ ಹೊತ್ತು ಮನೆಯೊಳಗೆ ಮೇಜಿನ ಮೇಲೆ ಮಾಡುವ ಕೆಲಸ. ಮೊದಲು ಮ್ಯಾಗ್ನೆಟೊ. ಇದು ಲೂಕಾಸ್ ಕಂಪನಿಯ ಮ್ಯಾಗ್‌ಡೈನೊ, ಅಂದರೆ ಕಿಡಿಗೆ ಬೇಕಾದ ಮ್ಯಾಗ್ನೆಟೊದ ಬೆನ್ನ ಮೇಲೆ ದೀಪಕ್ಕೆ ಬೇಕಾದ 6 ವೋಲ್ಟಿನ ಡೈನಮೊವನ್ನು ಪಟ್ಟಿಯಿಂದ ಬಿಗಿದ ಜೋಡಣೆ. ಬ್ಯಾಟರಿ ಸತ್ತರೂ ಕಿಡಿ ಬರುತ್ತದೆಂಬುದು ಸೈನ್ಯಕ್ಕೆ ಇದು ಒಪ್ಪಿಗೆಯಾಗಲು ಕಾರಣ. ಹಳೆಯ ಮ್ಯಾಗ್ನೆಟೊಗಳ ಆರ್ಮೇಚರಿಗೆ ಅರಗಿನ ಲೇಪ ಇರುತ್ತದೆ. ಕಾದಾಗ ಅದು ಮೆತ್ತಗಾಗಿ ಅಂಟುತ್ತದೆ, ಒಳಗಿನ ಕಂಡೆನ್ಸರ್ ಸೋರುತ್ತದೆ, ತಣ್ಣಗಿದ್ದಾಗ ಒದ್ದ ಕೂಡಲೇ ಎದ್ದ ಗಾಡಿ ಹತ್ತು ಕಿಲೋಮೀಟರ್ ಹೋದ ಮೇಲೆ ಏನು ಮಾಡಿದರೂ ಏಳುವುದಿಲ್ಲ. ನಮ್ಮಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವವರು ಬೇಕಾದಷ್ಟು ಮಂದಿ ಇದ್ದಾರೆ, ಆದರೆ ಮ್ಯಾಗ್ನೆಟೊದ ಹೊರ ಸುತ್ತಿನ ತಂತಿ ಅವರ ಯಂತ್ರಕ್ಕೆ ಒಗ್ಗುವಷ್ಟು ದಪ್ಪವಿಲ್ಲ. ಅದನ್ನು ಹೈದರಾಬಾದಿಗೆ ಕಳಿಸಿ ಹೊಸದಾಗಿ ಸುತ್ತಿಸಿ, ಅಯಸ್ಕಾಂತಕ್ಕೆ ಮತ್ತೆ ಬಲ ತುಂಬಿಸಿ ತರಿಸಿದೆ. ತೆರೆದು ಕಿಡಿ ಹಾರಿಸುವ ಪಾಯಿಂಟುಗಳ ಸಂದು 0.012 ಇಂಚು. ಟೈಮಿಂಗ್, ಅಂದರೆ ಕಿಡಿಯ ಹೊತ್ತು, ಕೂಡಿಸುವಾಗ, ಹ್ಯಾಂಡಲಿನ ಲೀವರನ್ನು ಪೂರ್ತಿ ಅಡ್ವಾನ್ಸಿಗೆ (ಕಿಡಿ ಬೇಗ ಬರುವ ಕಡೆಗೆ) ಇಟ್ಟು, ಪಿಸ್ಟನ್ ತುದಿ ಮುಟ್ಟಲು 7/16 ಇಂಚು ಬಾಕಿ ಇರುವಾಗ ಪಾಯಿಂಟು ತೆರೆಯುವಂತೆ ಹೊಂದಿಸಿದೆ. ಪಾಯಿಂಟಿನ ನಡುವೆ ಸಿಗರೇಟು ಪ್ಯಾಕಿನ ತೆಳು ಕಾಗದ ಇಟ್ಟು ಎಳೆಯುತ್ತಿದ್ದರೆ, ಅದು ಸಡಿಲವಾಗುವ ಕ್ಷಣವೇ ಆ ಬಿಂದು.

ಕಾರ್ಬೊರೇಟರಿನ ವಿಷಯದಲ್ಲಿ ಬೀದರಿನಲ್ಲಿ ಇರುವುದರ ಭಾಗ್ಯ ಕಂಡಿತು. ಆಮಲ್ 276 ಕಾರ್ಬೊರೇಟರಿನ ಮೈ ಸತುವಿನ ಮಿಶ್ರಲೋಹದ ಎರಕ. ನನ್ನ ತುಂಡಿನಲ್ಲಿ ಎಂಜಿನ್ನಿಗೆ ಕೂಡುವ ಚಪ್ಪಟೆ ಮುಖ ಬಿಲ್ಲಿನಂತೆ ಬಾಗಿತ್ತು, ಬೋಲ್ಟು ಕೂರುವ ಒಂದು ಕಿವಿಯಲ್ಲಿ ಸೀಳೂ ಇತ್ತು. ವೆಲ್ಡಿಂಗಿಗೆ ಕೊಡುವ ಮೊದಲು, ಬಿದರಿ ಕೆಲಸ ಮಾಡುವ ಪರಿಚಯದ ಉಸ್ತಾದರಿಗೆ ತೋರಿಸಿದೆ. ಬಿದರಿ ಪಾತ್ರೆಯ ಮೂಲ ಲೋಹವೂ ಸತುವೇ. ಹದಿನಾರು ಭಾಗ ಸತುವಿಗೆ ಒಂದು ಭಾಗದಷ್ಟು ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡುತ್ತಾರೆ. ಅವರು ತುಂಡನ್ನು ಅಂಗೈಯಲ್ಲಿ ತೂಗಿ, ಉಗುರಿನಿಂದ ಸೀಳಿನ ಅಂಚನ್ನು ಕೆರೆದು ಹೇಳಿದರು: "ಇದ್ಕ ಉರಿ ಹಚ್ಚಬ್ಯಾಡ್ರಿ ಸಾಹೇಬ್ರ, ಜಸ್ತ ಅದ. ಕೆಂಪ ಆಗೂದಿಲ್ಲ, ಸೀದಾ ನೀರಾಗ್ತದ." ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕಬ್ಬಿಣದಂತೆ ಮೊದಲು ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ವೆಲ್ಡರನ ಕೈಗೆ ಹೋಗಿದ್ದರೆ ಮೇಜಿನ ಮೇಲೆ ಒಂದು ಉಂಡೆಯಷ್ಟೇ ಉಳಿಯುತ್ತಿತ್ತು.

ಅವರೇ ಸೀಳಿನ ಹಿಂದೆ ಹಿತ್ತಾಳೆಯ ತೆಳು ಪಟ್ಟಿಯನ್ನು ಎರಡು ರಿವೆಟ್ಟುಗಳಿಂದ ಕೂಡಿಸಿಕೊಟ್ಟರು, ಅಲುಗಾಟ ಕಿಂಚಿತ್ತೂ ಇಲ್ಲ. ಬಾಗಿದ ಮುಖವನ್ನು ನಾನು ದಪ್ಪ ಗಾಜಿನ ಮೇಲೆ ನೀರು ಕಾಗದ ಅಂಟಿಸಿ ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿದೆ. ಈ ಮುಖ ಬಾಗುವುದಕ್ಕೆ ಮುಖ್ಯ ಕಾರಣ ಬೋಲ್ಟನ್ನು ಅತಿಯಾಗಿ ಬಿಗಿಯುವುದು: ದಪ್ಪ ಗ್ಯಾಸ್ಕೆಟ್ ಇಟ್ಟು ಬಿಗಿದಷ್ಟೂ ಎರಡು ಕಿವಿಗಳು ಎಂಜಿನ್ ಕಡೆ ಬಾಗುತ್ತವೆ, ನಡುವೆ ಗಾಳಿ ನುಸುಳುತ್ತದೆ, ನುಸುಳಿದಷ್ಟೂ ಜನ ಇನ್ನಷ್ಟು ಬಿಗಿಯುತ್ತಾರೆ. ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡು ಓಡಾಡುವ ಬೋರು ಸವೆದಿದ್ದುದರಿಂದ ಅದನ್ನು ಲೇಥಿನಲ್ಲಿ ಕೂದಲೆಳೆಯಷ್ಟು ದೊಡ್ಡದು ಮಾಡಿ, ಆ ಅಳತೆಗೆ ಹಿತ್ತಾಳೆಯ ಹೊಸ ಸ್ಲೈಡ್ ತಿರುವಿಸಿದೆ. ಈಗಿನ ಪೆಟ್ರೋಲಿನಲ್ಲಿ ಇಪ್ಪತ್ತು ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ತೇವ ಸತುವಿಗೆ ಬಿಳಿ ತುಕ್ಕು ಹಿಡಿಸುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವ ಪ್ರತಿ ಸಲವೂ ನಲ್ಲಿ ಮುಚ್ಚಿ ಫ್ಲೋಟ್ ಚೇಂಬರನ್ನು ಖಾಲಿ ಮಾಡುವ ರೂಢಿ ಬೇಕೇ ಬೇಕು.

ಜೂನ್

ಮೊದಲ ಮಳೆ ಬಿದ್ದ ವಾರ ಎಂಜಿನ್ ಶುರು ಮಾಡಿದೆವು. ಎಣ್ಣೆ ಪ್ರತ್ಯೇಕ ಟಾಕಿಯಿಂದ ಎಂಜಿನ್ನಿಗೆ ಹೋಗಿ ಮರಳುವ ಡ್ರೈ ಸಂಪ್ ವ್ಯವಸ್ಥೆ ಇದು. ಗಾಡಿ ಕೆಲವು ದಿನ ನಿಂತರೆ ಟಾಕಿಯ ಎಣ್ಣೆ ಪಂಪಿನ ಹಲ್ಲುಗಳ ಸಂದಿಯಿಂದ ಇಳಿದು ಎಂಜಿನ್ನಿನ ಹೊಟ್ಟೆ ಸೇರುತ್ತದೆ. ಆದ್ದರಿಂದ ಕೆಳಗಿನ ಪ್ಲಗ್ ಬಿಚ್ಚಿ ಆ ಎಣ್ಣೆಯನ್ನು ಇಳಿಸಿದ ಮೇಲೆಯೇ ಒದೆಯುವುದು. ಎಣ್ಣೆಯ ನಳಿಕೆಗೆ ಒಂದು ನಲ್ಲಿ ಹಾಕಿಬಿಡಿ ಎಂದು ಹಲವರು ಸಲಹೆ ಕೊಟ್ಟರು. ನಲ್ಲಿ ತೆರೆಯುವುದನ್ನು ಒಂದು ದಿನ ಮರೆತರೆ ಎಂಜಿನ್ನೇ ಹೋಗುತ್ತದೆ, ಪ್ಲಗ್ ಬಿಚ್ಚುವುದನ್ನು ಮರೆತರೆ ಬೀದಿಗೆ ಹೊಗೆ ಮಾತ್ರ. ನಾನು ಹೊಗೆಯ ಪಕ್ಷ.

ಕ್ರಮ ಹೀಗಿದೆ: ಕಾರ್ಬೊರೇಟರಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲು ತುಳುಕುವಂತೆ ಮಾಡಬೇಕು, ಕಿಡಿಯ ಲೀವರನ್ನು ಅರ್ಧಕ್ಕೂ ಹಿಂದೆ ಎಳೆಯಬೇಕು, ಎಗ್ಸಾಸ್ಟ್ ವಾಲ್ವ್ ಎತ್ತುವ ಲೀವರ್ ಹಿಡಿದು ಪಿಸ್ಟನನ್ನು ತುದಿ ದಾಟಿಸಬೇಕು, ಆಮೇಲೆ ಬಿಟ್ಟು ಪೂರ್ತಿ ಒದೆಯಬೇಕು. ಲೀವರ್ ಹಿಂದೆ ಎಳೆಯದೆ ಒದ್ದರೆ ಕಿಕ್ ತಿರುಗಿ ಮೊಣಕಾಲಿಗೆ ಬರುತ್ತದೆ. ಶಬ್ದ ಬುಲೆಟ್ಟಿನದಕ್ಕಿಂತ ಮೆತ್ತಗಿದೆ, ಟ್ಯಾಪೆಟ್ಟುಗಳ ಟಿಕ್ ಟಿಕ್ ಬೇರೆಯಾಗಿ ಕೇಳುತ್ತದೆ. ಸೈಲೆನ್ಸರಿನಲ್ಲಿ ಇಲಿಗಳು ತುಂಬಿಟ್ಟಿದ್ದ ತೊಗರಿ ಸಿಪ್ಪೆಯ ಕೊನೆಯ ಕಂತು ಆಗ ಹೊರಬಂತು.

ಬಣ್ಣದ ಕೆಲಸ ಈಗ ನಡೆದಿದೆ. ಟೂಲ್‌ಬಾಕ್ಸಿನ ಕ್ಲಾಂಪಿನ ಅಡಿಯಲ್ಲಿ ನೀರು ಕಾಗದದಿಂದ ನಿಧಾನವಾಗಿ ಉಜ್ಜಿದಾಗ ಮೇಲೆ ಕಪ್ಪು ಎನಾಮಲ್, ಅದರಡಿ ಆಲಿವ್ ಹಸಿರು, ಅದರಡಿ ಕಂದು, ಒಂದರೊಳಗೊಂದು ಉಂಗುರವಾಗಿ ಕಂಡವು. ಬ್ರಿಟಿಷ್ ಸೈನ್ಯ ಯುದ್ಧದ ಆರಂಭದಲ್ಲಿ ಖಾಕಿ ಹಸಿರನ್ನೂ, 1942ರ ಸುಮಾರಿಗೆ ಕಂದನ್ನೂ, 1944ರಿಂದ ಆಲಿವ್ ಹಸಿರನ್ನೂ ಬಳಸಿತು; ಈ ಚಾಸಿ ಕಂದಿನಲ್ಲಿ ಹುಟ್ಟಿ ಆಲಿವ್ ಹಚ್ಚಿಸಿಕೊಂಡದ್ದು. ನಾನು ಆಲಿವನ್ನೇ ಆರಿಸಿದ್ದೇನೆ, ಹೊಳಪಿಲ್ಲದ್ದು. ಹಿಡಿಕೆಗಳಿಗೆ ರಬ್ಬರ್ ಬದಲು ದಪ್ಪ ಕ್ಯಾನ್ವಾಸ್ ಸುತ್ತಿಸಿದ್ದೇನೆ, ಏಕೆಂದರೆ 1942ರಲ್ಲಿ ಮಲಯ ಜಪಾನಿನ ಕೈಸೇರಿ ರಬ್ಬರಿಗೆ ಬರ ಬಂದಾಗ ಕಾರ್ಖಾನೆಯೂ ಅದನ್ನೇ ಮಾಡಿತ್ತು. ಮರುಭೂಮಿಗೆ ಕಳಿಸುವ ಗಾಡಿಗಳಿಗೆ ಹಾಕುತ್ತಿದ್ದ ವೋಕ್ಸ್ ಕಂಪನಿಯ ದೊಡ್ಡ ಗಾಳಿ ಶೋಧಕವನ್ನು ಹೋಲುವ ಡಬ್ಬಿಯೊಂದನ್ನು ತಗಡಿನಲ್ಲಿ ಮಾಡಿಸುತ್ತಿದ್ದೇನೆ. ಅಲಂಕಾರಕ್ಕಲ್ಲ, ನಮ್ಮ ಜಂಬಿಟ್ಟಿಗೆಯ ಕೆಂಪು ಧೂಳು ಹೊಸ ಬೋರನ್ನು ಒಂದೇ ಬೇಸಿಗೆಯಲ್ಲಿ ತಿಂದುಹಾಕಬಲ್ಲದು.

ಕಾಗದಪತ್ರದ ಕೆಲಸ ಬಾಕಿಯಿದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಗಳಿಗೆ ವಿಎ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಇದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಮೂಲರೂಪ ಕೆಡುವಂಥ ಮಾರ್ಪಾಡು ಆಗಿರಬಾರದು, ದಿನನಿತ್ಯದ ಓಡಾಟಕ್ಕೆ ಬಳಸಬಾರದು ಎಂಬ ಷರತ್ತುಗಳಿವೆ. ತುಂಡುಗಳಿಂದ ಕೂಡಿಸಿದ ಗಾಡಿಯನ್ನು ಈ ನಿಯಮಕ್ಕೆ ಹೊಂದಿಸಲು ಪ್ರತಿ ಭಾಗದ ಖರೀದಿ ಚೀಟಿ, ಕೇಸಿನ ಸಂಖ್ಯೆಯ ಉಜ್ಜುಚಿತ್ರ, ಕೆಲಸದ ಪ್ರತಿ ಹಂತದ ಫೋಟೊ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿದ್ದೇನೆ. ಈ ಕೆಲಸಕ್ಕೆ ಕೈಹಾಕುವವರು ಮೊದಲ ದಿನದಿಂದಲೇ ಹೀಗೆ ಮಾಡುವುದು ಒಳ್ಳೆಯದು. ಗುಜರಿಯವರು ಚೀಟಿ ಕೊಡಲು ಹಿಂಜರಿದರೆ ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಬರೆಸಿಕೊಳ್ಳಿ.

ಮುಂದಿನ ಕೆಲಸ ಡೈನಮೊದ್ದು: ಸದ್ಯಕ್ಕೆ ತಿರುಗುತ್ತದೆ, ಆದರೆ ಬ್ಯಾಟರಿಗೆ ಕರೆಂಟು ಹೋಗುತ್ತಿಲ್ಲ. ಬ್ರಶ್‌ಗಳನ್ನು ಬದಲಿಸಿ ಕಮ್ಯುಟೇಟರನ್ನು ಲೇಥಿನಲ್ಲಿ ನಯ ಮಾಡಿಸಿದ ಮೇಲೂ ಹಾಗೆಯೇ ಇದ್ದರೆ ಫೀಲ್ಡ್ ಕಾಯಿಲನ್ನು ಬಿಚ್ಚಬೇಕಾಗುತ್ತದೆ, ಅದನ್ನು ಸುತ್ತಲು ನಮ್ಮ ಪಂಪ್‌ಸೆಟ್ಟಿನವರೇ ಸಾಕು.