‘ಸ್ಟೇಷನ್ ಐದೇ ನಿಮಿಷ’ ಅಂತ ನಂಬಿ ಮುಂಬೈ ಪಕ್ಕದ ಠಾಣೆಯಲ್ಲಿ ರೂಮ್ ಮಾಡಿದ ಕಥೆ

ಮುಂಬೈಗೆ ಹೋಗೋರು ಯಾರಾದ್ರೂ ದುಡ್ಡು ಉಳಿಸೋಣ ಅಂತ ಠಾಣೆ, ಮುಲುಂಡ್, ಡೊಂಬಿವಲಿ ಕಡೆ ರೂಮ್ ಹುಡುಕ್ತಾ ಇದ್ರೆ ಇದನ್ನ ಓದಿ. ನಾನು ಹುಡುಕಿದ್ದೂ ಅದೇ ಕಾರಣಕ್ಕೆ. ಫೋರ್ಟ್, ಕೊಲಾಬಾ ಕಡೆ ನಂಗೆ ಸಿಕ್ಕ ಅತಿ ಕಮ್ಮಿ ರೇಟು ರಾತ್ರಿಗೆ ನಾಲ್ಕೂವರೆ ಸಾವಿರ, ಅದೂ ಕಿಟಕಿ ಇಲ್ಲದ ರೂಮು. ಠಾಣೆಯಲ್ಲಿ ಎರಡು ಸಾವಿರದ ಇನ್ನೂರು, ಫೋಟೋದಲ್ಲಿ ಬಾಲ್ಕನಿ ಬೇರೆ ಇತ್ತು. ‘ಠಾಣೆ ವೆಸ್ಟ್, ಸ್ಟೇಷನ್‌ಗೆ 5 ನಿಮಿಷ’ ಅಂತ ಬರೆದಿದ್ರು. ನಾಲ್ಕು ರಾತ್ರಿಗೆ ಪೂರ್ತಿ ದುಡ್ಡು ಕಟ್ಟಿಬಿಟ್ಟೆ. ತಪ್ಪು ಮಾಡಿದ್ದು ಅಲ್ಲೇ.

ನಾವು ತೀರ್ಥಹಳ್ಳಿಯವರು, ಆಗುಂಬೆ ಘಾಟಿ ಇಳಿದು ಉಡುಪೀಲಿ ಮತ್ಸ್ಯಗಂಧ ಹತ್ತಿದ್ವಿ. ಇದೊಂದು ಮಾತ್ರ ಬುದ್ಧಿವಂತಿಕೆ ಕೆಲಸ ಆಯ್ತು, ಯಾಕಂದ್ರೆ ಆ ಗಾಡಿ ಕುರ್ಲಾ ಹತ್ರದ ಲೋಕಮಾನ್ಯ ತಿಲಕ್ ಟರ್ಮಿನಸ್ ತನಕ ಹೋಗೋದಾದ್ರೂ ಅದಕ್ಕೆ ಮೊದಲೇ ಪನ್ವೇಲ್, ಠಾಣೆಯಲ್ಲಿ ನಿಲ್ಲುತ್ತೆ. ಉಪನಗರದಲ್ಲಿ ರೂಮ್ ಮಾಡೋರು ಕೊನೇ ಸ್ಟೇಷನ್ ತನಕ ಟಿಕೆಟ್ ತಗೊಂಡು, ಅಲ್ಲಿಂದ ಮತ್ತೆ ವಾಪಸ್ ಬರೋದು ಶುದ್ಧ ದಂಡ. ತಿಲಕ್ ಟರ್ಮಿನಸ್ ಅಂತೂ ಕುರ್ಲಾ ಅಂತ ಹೆಸರಿಗೆ ಅಷ್ಟೇ, ಲೋಕಲ್ ಹಿಡೀಬೇಕಂದ್ರೆ ಹಾರ್ಬರ್ ಲೈನ್‌ನ ತಿಲಕ್ ನಗರ್ ತನಕ ಲಗೇಜ್ ಎಳ್ಕೊಂಡು ನಡೀಬೇಕು, ಹೊರಗೆ ನಿಂತಿರೋ ಆಟೋದವರು ಬೆಳಗಿನ ಜಾವ ನಿಮ್ಮ ಮುಖ ನೋಡಿ ರೇಟ್ ಹೇಳ್ತಾರೆ (ಹಿಂದಿನ ಸಲ ಅನುಭವಿಸಿದ್ದೀನಿ). ಮಳೆಗಾಲದಲ್ಲಿ ಕೊಂಕಣ ರೈಲ್ವೆ ಟೈಮ್‌ಟೇಬಲ್ಲೇ ಬೇರೆ, ಗಾಡಿಗಳು ನಿಧಾನ ಹೋಗ್ತವೆ, ಜೂನ್‌ನಿಂದ ಅಕ್ಟೋಬರ್ ತನಕ ಹೋಗೋರು ಹಳೇ ಟೈಮ್ ನಂಬ್ಕೊಂಡು ಹೊರಡಬೇಡಿ.

ಇನ್ನೂ ಬೆಳಕು ಹರಿದಿರಲಿಲ್ಲ, ಠಾಣೆಯಲ್ಲಿ ಇಳಿದು ಆಟೋ ಹತ್ತಿದ್ವಿ. ಐದು ನಿಮಿಷ ಆಯ್ತು, ಹತ್ತಾಯ್ತು, ಆಟೋ ದೊಡ್ಡ ಹೈವೇ ಹತ್ತಿಬಿಡ್ತು. ಎಡಕ್ಕೆ ಗುಡ್ಡ, ಬಲಕ್ಕೆ ಮೂವತ್ತು ಮೂವತ್ತು ಮಹಡಿ ಅಪಾರ್ಟ್‌ಮೆಂಟು. ನಮ್ಮನೆಯವಳು ‘ರೀ, ಇವ್ನು ನಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದಾನೆ ಕೇಳ್ರೀ’ ಅಂತ ಪಿಸುಗುಟ್ಟಿದ್ಳು. ಕೇಳಿದ್ರೆ ಅವನು ‘ಘೋಡ್‌ಬಂದರ್ ರೋಡ್, ಕಾಸಾರ್‌ವಡವಲಿ, ಆಪನೇಹೀ ಬೋಲಾ ನಾ ಸಾಬ್’ ಅಂದ. ಹೌದು, ಅಡ್ರೆಸ್‌ನಲ್ಲಿ ಹಾಗೇ ಇತ್ತು, ನಾನು ಠಾಣೆ ಅನ್ನೋ ಒಂದು ಪದ ಮಾತ್ರ ನೋಡಿದ್ದೆ. ಸ್ಟೇಷನ್ನಿಂದ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್. ಮೀಟರ್ ಪ್ರಕಾರವೇ ತಗೊಂಡ, ಅವನ ಮೇಲೆ ದೂರಿಲ್ಲ.

ಕೌಂಟರಲ್ಲಿ ಕಣ್ಣುಜ್ಜಿಕೊಂಡು ಎದ್ದ ಹುಡುಗನ್ನ ಕೇಳಿದೆ, ಸ್ಟೇಷನ್ ಐದು ನಿಮಿಷ ಅಂತ ಹಾಕಿದ್ದೀರಲ್ಲಪ್ಪಾ, ಎಲ್ಲಿ ಸ್ಟೇಷನ್ನು? ಅವನು ಗಾಜಿನ ಬಾಗಿಲು ತೆಗೆದು ರಸ್ತೆ ಕಡೆ ಕೈ ತೋರಿಸ್ದ. ರಸ್ತೆ ಉದ್ದಕ್ಕೂ ದಪ್ಪ ದಪ್ಪ ಕಂಬ, ಮೇಲೆ ಅರ್ಧ ಕಟ್ಟಿದ ಕಾಂಕ್ರೀಟು, ಹಸಿರು ಬಲೆ, ಒಂದು ಕ್ರೇನು. ಮೆಟ್ರೋ ಸ್ಟೇಷನ್! ವಡಾಲಾದಿಂದ ಕಾಸಾರ್‌ವಡವಲಿಗೆ ಬರೋ ಮೆಟ್ರೋ 4, ನಾವು ಹೋದಾಗ ಇನ್ನೂ ಕಟ್ತಾನೇ ಇದ್ರು. ಹುಡುಗ ನಗಲೂ ಇಲ್ಲ, ನಾಚಿಕೊಳ್ಳಲೂ ಇಲ್ಲ, ‘ಬನ್ ರಹಾ ಹೈ’ ಅಂದ ಅಷ್ಟೇ.

ರೂಮ್ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಬಾಲ್ಕನೀನೂ ಇತ್ತು. ಆದ್ರೆ ಮೊದಲನೇ ದಿನ ಸ್ನಾನ ಮಾಡಿ ಒಂಬತ್ತಕ್ಕೆ ಠಾಣೆ ಸ್ಟೇಷನ್‌ಗೆ ಅಂತ ಬಸ್ ಹತ್ತಿದವರು ಅಲ್ಲಿ ಇಳಿದಾಗ ಹತ್ತೂ ಹತ್ತು. ಕೂತ್ಕೊಳ್ಳಕ್ಕೆ ಸೀಟಿತ್ತು, ಬಸ್ ಮಾತ್ರ ಅಲ್ಲಾಡ್ತಾ ಇರಲಿಲ್ಲ, ಲಾರಿ, ಟ್ಯಾಂಕರ್, ಸ್ಕೂಲ್ ವ್ಯಾನು, ಮೆಟ್ರೋ ಕೆಲಸಕ್ಕೆ ಅಂತ ಅಡ್ಡ ಹಾಕಿದ ತಗಡು, ಎಲ್ಲರೂ ಸೇರಿ ನಿಂತಿದ್ವಿ. ಪಕ್ಕದ ಅಜ್ಜ ಒಬ್ಬರು ಪೇಪರ್ ಪೂರ್ತಿ ಓದಿ ಮಡಚಿ, ಮತ್ತೆ ಮೊದಲನೇ ಪುಟ ತೆಗೆದ್ರು. ಆಮೇಲೆ ಠಾಣೆಯಿಂದ ಸಿಎಸ್‌ಎಂಟಿಗೆ (ಫೋರ್ಟ್ ಕಡೆಯ ಕೊನೇ ಸ್ಟೇಷನ್, ಹಳಬರು ವಿಟಿ ಅಂತಾರೆ) 34 ಕಿಲೋಮೀಟರ್‌ನ ಫಾಸ್ಟ್ ಲೋಕಲ್ ಮುಕ್ಕಾಲು ಗಂಟೇಲಿ ಮುಗಿಸ್ತು, ಹದಿನೈದು ರೂಪಾಯಿಗೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿ ಬಂದರ್‌ನಿಂದ ಬಂದು ನಿಂತಿದ್ದು ಇದೇ ಠಾಣೆಗೆ. ಅವತ್ತು ಅದರಲ್ಲಿ ಬಂದವರು ಘೋಡ್‌ಬಂದರ್ ರೋಡಲ್ಲಿ ರೂಮ್ ಮಾಡಿರಲಿಕ್ಕಿಲ್ಲ ಅಂತ ನಮ್ಮನೆಯವಳು.

ಹಾಗಾಗಿ ನನ್ನ ಲೆಕ್ಕ ಇಷ್ಟು: ಊರು ಎಷ್ಟು ದೂರ ಅನ್ನೋದು ಇಲ್ಲಿ ವಿಷಯವೇ ಅಲ್ಲ, ಲಾಡ್ಜಿಂದ ಪ್ಲಾಟ್‌ಫಾರಂಗೆ ನಡ್ಕೊಂಡು ಹೋಗಬಹುದಾ ಅನ್ನೋದೇ ವಿಷಯ. ಮ್ಯಾಪಲ್ಲಿ ಲಾಡ್ಜಿಂದ ರೈಲ್ವೆ ಸ್ಟೇಷನ್‌ಗೆ ನೀವೇ ಅಳೀರಿ, ಅವರು ಬರೆದಿದ್ದನ್ನ ನಂಬಬೇಡಿ. ಈಸ್ಟಾ ವೆಸ್ಟಾ ಅಂತಾನೂ ನೋಡಿ, ಹಳಿ ಆಚೆ ಕಡೆ ಅಂದ್ರೆ ಬ್ರಿಡ್ಜ್ ಹತ್ತಿ ಇಳೀಬೇಕು, ಆಟೋದವನು ಸುತ್ತು ಹಾಕಿ ಹೋಗಬೇಕು. ಫೋನ್ ಮಾಡಿ ಕೇಳಿದ್ರೂ ‘ರೈಲ್ವೆ ಸ್ಟೇಷನ್, ನಡ್ಕೊಂಡು’ ಅಂತ ಎರಡೂ ಪದ ಬಿಡಿಸಿ ಕೇಳಿ.

ಎರಡನೇ ದಿನ ಬೆಳಗ್ಗೆ ಖಾಲಿ ಮಾಡಿದ್ವಿ. ಉಳಿದ ಮೂರು ರಾತ್ರಿ ದುಡ್ಡಲ್ಲಿ ಒಂದು ರಾತ್ರೀದು ಇಟ್ಕೊಂಡು ಎರಡು ರಾತ್ರೀದು ವಾಪಸ್ ಕೊಟ್ರು, ಅದೂ ನಮ್ಮನೆಯವಳು ಕೌಂಟರ್ ಮುಂದೆ ಕುರ್ಚಿ ಎಳ್ಕೊಂಡು ಕೂತಿದ್ದಕ್ಕೆ. ಠಾಣೆ ಸ್ಟೇಷನ್ ವೆಸ್ಟ್ ಕಡೆ, ಬಸ್ಸುಗಳು ನಿಲ್ಲೋ ಮೇಲ್ಸೇತುವೆ ಇದೆಯಲ್ಲ, ಸ್ಯಾಟಿಸ್ ಅಂತಾರೆ ಅದಕ್ಕೆ, ಅಲ್ಲಿಂದ ಏಳು ನಿಮಿಷ ನಡೆದ್ರೆ ಒಂದು ಹಳೇ ಲಾಡ್ಜು, ಸಾವಿರದ ಆರುನೂರು. ಗೋಡೆ ಬಣ್ಣ ಉದುರಿತ್ತು, ಬಿಸಿನೀರು ಬಕೆಟ್‌ನಲ್ಲಿ ತಂದುಕೊಡ್ತಿದ್ರು, ರಾತ್ರಿ ಒಂದರ ತನಕ ಕೆಳಗೆ ಗಲಾಟೆ. ನಂಗೆ ಗಲಾಟೆ ತೊಂದ್ರೆ ಇಲ್ಲ, ನಿಂತ ಗಾಡೀಲಿ ಸುಮ್ನೆ ಕೂರೋದೇ ಆಗಲ್ಲ. ನಿದ್ದೆ ಸೂಕ್ಷ್ಮ ಇರೋರು ಮುಲುಂಡ್ ನೋಡಿ, ಒಂದೇ ಸ್ಟೇಷನ್ ಹಿಂದೆ, ಸ್ವಲ್ಪ ಶಾಂತ, ಆದ್ರೆ ಫಾಸ್ಟ್ ಲೋಕಲ್ ಎಲ್ಲವೂ ಅಲ್ಲಿ ನಿಲ್ಲಲ್ಲ.

ಈಗ ಮಿಸಳ್ ವಿಷಯ. ಠಾಣೆ ವೆಸ್ಟಲ್ಲಿ ಇಳಿದು ಮಾಮಲೇದಾರ್ ಮಿಸಳ್ ತಿನ್ನದೆ ಬಂದ್ರೆ ನೀವು ಠಾಣೆಗೆ ಹೋಗಿದ್ದೀರಿ ಅಂತ ನಾನು ಒಪ್ಪಲ್ಲ. ಮಾಮಲೇದಾರ್ ಅಂದ್ರೆ ತಹಶೀಲ್ದಾರ್, ನಮ್ಮ ಕಡೆ ಹಿಂದೆ ಅಮಲ್ದಾರ್ರು ಅಂತಿದ್ರಲ್ಲ ಹಾಗೆ, ಆ ಕಚೇರಿ ಹತ್ರ ಇರೋದಕ್ಕೆ ಆ ಹೆಸರು. ಸಣ್ಣ ಜಾಗ, ಯಾರದೋ ಪಕ್ಕ ಯಾರೋ ಕೂರಬೇಕು, ನೀವು ತಿಂತಿರೋವಾಗಲೇ ಹಿಂದೆ ಒಬ್ಬ ನಿಂತಿರ್ತಾನೆ. ಖಾರ ಎಷ್ಟು ಅಂತ ಮೊದಲೇ ಕೇಳ್ತಾರೆ. ನಾವು ಮಲೆನಾಡವರು, ಗಾಂಧಾರಿ ಮೆಣಸು ಅಗಿಯೋರು ಅನ್ನೋ ಜಂಬದಲ್ಲಿ ‘ತಿಖಟ್’ ಅಂದೆ. ತಟ್ಟೇಲಿ ಮೊಳಕೆ ಕಾಳಿನ ಉಸಲ್, ಮೇಲೆ ನಮ್ಮ ಮಿಕ್ಸ್ಚರ್ ಥರದ ಫರ್ಸಾಣ್, ಹೆಚ್ಚಿದ ಈರುಳ್ಳಿ, ಅದರ ಮೇಲೆ ಹುಯ್ದ ಕೆಂಪು ರಸ, ಎಣ್ಣೆ ಅಂಚಲ್ಲಿ ಉಂಗುರ ಉಂಗುರವಾಗಿ ತೇಲ್ತಾ ಇತ್ತು. ಮೊದಲ ತುತ್ತಿಗೆ ಏನೂ ಆಗಲಿಲ್ಲ, ಇಷ್ಟೇನಾ ಅಂದ್ಕೊಂಡೆ. ಮೂರನೇ ತುತ್ತಿಗೆ ಕಿವಿ ಹಿಂದೆ ಬೆವರು. ಪಾವ್ ಅದ್ದಿ ತಿಂದ್ರೆ ಪಾವ್ ರಸ ಕುಡಿದು ಭಾರ ಆಗಿ ಮಧ್ಯಕ್ಕೇ ಬೀಳುತ್ತೆ, ಬೇಗ ಬಾಯಿಗೆ ಹಾಕ್ಕೋಬೇಕು. ಎದುರಿಗೆ ಕೂತಿದ್ದ ಆಫೀಸ್ ಮನುಷ್ಯ ನನ್ನ ಮುಖ ನೋಡಿ ಒಂದು ಮಾತೂ ಆಡದೆ ತನ್ನ ಮಜ್ಜಿಗೆ ಲೋಟ ನನ್ನ ಕಡೆ ತಳ್ಳಿದ. ನಮ್ಮನೆಯವಳು ಜಾಣತನದಿಂದ ಕಮ್ಮಿ ಖಾರದ್ದು ತಗೊಂಡಿದ್ಳು, ನಿಧಾನಕ್ಕೆ ರುಚಿ ನೋಡಿ ತಿಂದು ನನ್ನನ್ನ ನೋಡಿ ನಗ್ತಾ ಇದ್ಳು. ಇಬ್ಬರೂ ಹೊಟ್ಟೆ ತುಂಬ ತಿಂದು ಮಜ್ಜಿಗೆ ಸೇರಿಸಿದ್ರೂ ಇನ್ನೂರೈವತ್ತು ದಾಟಲಿಲ್ಲ. ಮಾರನೇ ದಿನವೂ ಹೋದ್ವಿ, ನಾನು ಮೀಡಿಯಂ ಹೇಳ್ದೆ.

ಲೋಕಲ್ ಬಗ್ಗೆ ಹೆದರಿಸೋರು ಬಹಳ ಜನ. ಹೆದರಿಕೆ ಬೇಡ, ಹೊತ್ತು ನೋಡ್ಕೊಳ್ಳಿ. ಉಪನಗರದಲ್ಲಿ ಉಳಿಯೋರ ಕಷ್ಟ ಏನಂದ್ರೆ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಊರೇ ಹೋಗೋ ದಿಕ್ಕಿಗೆ ನೀವೂ ಹೋಗಬೇಕು, ಸಂಜೆ ಐದೂವರೆಯಿಂದ ಒಂಬತ್ತರ ತನಕ ಊರೇ ಬರೋ ದಿಕ್ಕಿಗೆ ನೀವೂ ಬರಬೇಕು. ಹನ್ನೊಂದಾದ ಮೇಲೆ ಹೊರಡಿ, ಇಲ್ಲಾ ಏಳಕ್ಕೇ ಹೊರಡಿ. ಅವಸರ ಇಲ್ದಿದ್ರೆ ಠಾಣೆಯಿಂದಲೇ ಶುರುವಾಗೋ ಸ್ಲೋ ಲೋಕಲ್ ಹಿಡೀರಿ, ಹೆಚ್ಚು ಕಮ್ಮಿ ಒಂದು ಗಂಟೆ ಆಗುತ್ತೆ, ಕೂರಕ್ಕೆ ಜಾಗ ಸಿಗೋ ಚಾನ್ಸ್ ಇದೆ. ಮೂವರ ಸೀಟಲ್ಲಿ ನಾಲ್ಕನೆಯವರಿಗೂ ಅಂಚಲ್ಲಿ ಅರ್ಧ ಕುಂಡಿ ಊರೋ ಹಕ್ಕಿದೆ ಅಲ್ಲಿ, ‘ಚೌಥಿ ಸೀಟ್’ ಅಂತಾರೆ, ಸ್ವಲ್ಪ ಸರೀರಿ ಅಂತ ಕೈ ಸನ್ನೆ ಮಾಡಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳದೆ ಸರೀತಾರೆ.

ಇಳಿಯೋದೇ ಕಲೀಬೇಕಾದ ವಿದ್ಯೆ. ಮೂರನೇ ದಿನ ಸಂಜೆ ಏಳಕ್ಕೆ ದಾದರ್‌ನಲ್ಲಿ ಕಲ್ಯಾಣ್ ಫಾಸ್ಟ್ ಹತ್ತಿದ್ವಿ, ಅವಳು ಲೇಡೀಸ್ ಡಬ್ಬಿ, ನಾನು ಜನರಲ್. ಒಳಗೆ ಹೋಗಿ ಫ್ಯಾನ್ ಕೆಳಗೆ ನಿಂತೆ, ಆಹಾ ಅನ್ನಿಸ್ತು. ಠಾಣೆ ಬರೋ ಹೊತ್ತಿಗೆ ನನಗೂ ಬಾಗಿಲಿಗೂ ಮಧ್ಯ ಮೂವತ್ತು ಜನ, ಅವರಲ್ಲಿ ಯಾರೂ ಇಳಿಯೋರಲ್ಲ. ‘ಉತರ್ನಾ ಹೈ, ಉತರ್ನಾ ಹೈ’ ಅಂತ ಕೂಗ್ತಾ ಬಾಗಿಲ ಹತ್ರ ಬರೋದ್ರಲ್ಲಿ ಹತ್ತೋರ ಅಲೆ ಬಂದು ನನ್ನನ್ನ ಮತ್ತೆ ಅದೇ ಫ್ಯಾನ್ ಕೆಳಗೆ ತಂದು ನಿಲ್ಲಿಸ್ತು. ಫೋನ್ ಬಂತು.

‘ರೀ ಎಲ್ಲಿದ್ದೀರಿ?’

‘ಡೊಂಬಿವಲಿಗೆ ಹೋಗ್ತಾ ಇದ್ದೀನಿ.’

‘ಅಲ್ಲಿ ಯಾರಿದ್ದಾರೆ ನಿಮಗೆ?’

ಫಾಸ್ಟ್ ಅಂದ್ರೆ ಹಾಗೇ, ಪಕ್ಕದ ಸ್ಟೇಷನ್ ಕಳ್ವಾದಲ್ಲಿ ನಿಲ್ಲಲ್ಲ. ನನ್ನ ಟಿಕೆಟ್ ಇದ್ದಿದ್ದು ಠಾಣೆ ತನಕ, ಡೊಂಬಿವಲೀಲಿ ಟೀಸಿ ಹಿಡಿದಿದ್ರೆ ಕಮ್ಮಿ ಅಂದ್ರೂ 250 ರೂಪಾಯಿ ದಂಡ, ಮೇಲೆ ಚಾರ್ಜು. ಅಲ್ಲಿ ಹಿಂದೆ ಇದ್ದವನೊಬ್ಬ ಹೇಳಿಕೊಟ್ಟ, ಹತ್ತಿದ ತಕ್ಷಣ ಮುಂದೆ ನಿಂತವನನ್ನ ‘ಠಾಣೆ ಇಳೀತೀರಾ’ ಅಂತ ಕೇಳಬೇಕಂತೆ, ಇಳಿಯೋನಾದ್ರೆ ಅವನ ಬೆನ್ನಿಗೆ ಅಂಟ್ಕೊಳ್ಳೋದು, ಇಲ್ಲಾಂದ್ರೆ ಜಾಗ ಬದಲಾಯಿಸ್ಕೊಳ್ಳೋದು, ಎರಡು ಸ್ಟೇಷನ್ ಮುಂಚೇನೇ ಬಾಗಿಲ ಕಡೆ ಸರ್ಕೊಂಡು ಬರೋದು. ಮಾರನೇ ದಿನ ಹಾಗೇ ಮಾಡಿದೆ, ನಾನು ಇಳಿಯೋದೇ ಬೇಕಾಗಲಿಲ್ಲ, ಹಿಂದಿನವರೇ ಇಳಿಸಿದ್ರು. ಗಂಡ ಹೆಂಡತಿ ಬೇರೆ ಬೇರೆ ಡಬ್ಬಿ ಹತ್ತೋದಾದ್ರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡ್ಕೊಳ್ಳಿ, ಟಿಕೆಟ್ಟೂ ಬೇರೆ ಬೇರೆ ತಗೊಳ್ಳಿ, ಒಂದೇ ಫೋನಲ್ಲಿ ಇಬ್ಬರದ್ದೂ ಇದ್ರೆ ಇನ್ನೊಬ್ಬರು ಚೆಕಿಂಗಲ್ಲಿ ಸಿಕ್ಕಿಬೀಳ್ತಾರೆ.

ಫಸ್ಟ್ ಕ್ಲಾಸ್ ಡಬ್ಬಿ ಹೊರಗಿಂದ ನೋಡಿದ್ರೆ ಹೆಚ್ಚು ವ್ಯತ್ಯಾಸ ಗೊತ್ತಾಗಲ್ಲ, ಖಾಲಿ ಇದೆ ಅಂತ ಓಡಿಹೋಗಿ ಹತ್ತಬೇಡಿ. ಏಸಿ ಲೋಕಲ್‌ಗೂ ಸಾಮಾನ್ಯ ಟಿಕೆಟ್ ನಡಿಯಲ್ಲ. ಠಾಣೆ ಇರೋದು ಸೆಂಟ್ರಲ್ ಲೈನಲ್ಲಿ, ದಾದರ್‌ನಲ್ಲಿ ಅದರಿಂದ ವೆಸ್ಟರ್ನ್ ಲೈನ್‌ಗೆ ಬದಲಾಯಿಸೋರು ಹಳೇ ಪ್ಲಾಟ್‌ಫಾರಂ ನಂಬರ್ ಹೇಳೋ ನೆಂಟರನ್ನ ನಂಬಬೇಡಿ, 2023ರ ಡಿಸೆಂಬರ್‌ನಲ್ಲಿ ಅದನ್ನ ಬದಲಾಯಿಸಿದ್ದಾರೆ, ವೆಸ್ಟರ್ನ್‌ದು 1ರಿಂದ 7, ಸೆಂಟ್ರಲ್‌ದು 8ರಿಂದ ಶುರು. ಬೋರಿವಲಿ ನ್ಯಾಷನಲ್ ಪಾರ್ಕು, ಕನ್ಹೇರಿ ಗುಹೆ, ಜುಹು ಇವೇ ನಿಮ್ಮ ಲಿಸ್ಟಲ್ಲಿ ಜಾಸ್ತಿ ಇದ್ರೆ ಠಾಣೆ ಬೇಡವೇ ಬೇಡ, ವೆಸ್ಟರ್ನ್ ಲೈನಲ್ಲೇ ರೂಮ್ ಮಾಡಿ. ಮ್ಯಾಪಲ್ಲಿ ಠಾಣೆ, ಬೋರಿವಲಿ ಅಕ್ಕಪಕ್ಕ ಕಾಣುತ್ತೆ, ಮಧ್ಯ ಇಡೀ ಕಾಡಿದೆ, ರಸ್ತೆ ಅಂದ್ರೆ ಮತ್ತೆ ಅದೇ ಘೋಡ್‌ಬಂದರ್.

ಗೇಟ್‌ವೇ, ಮರೀನ್ ಡ್ರೈವ್ ಬಗ್ಗೆ ನಾನು ಬರೆಯಲ್ಲ, ಎಲ್ಲರಿಗೂ ಗೊತ್ತು. ಎಲಿಫೆಂಟಾ ಸೋಮವಾರ ರಜಾ ಅನ್ನೋದು ಮಾತ್ರ ನೆನಪಿಟ್ಕೊಳ್ಳಿ, ನಾವು ಸೋಮವಾರವೇ ಹೋಗಿ ಜೆಟ್ಟಿಯಲ್ಲಿ ಕಡಲೆಕಾಯಿ ತಿಂದು ಬಂದ್ವಿ. ಆಟೋ ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಬರಲ್ಲ, ಅಲ್ಲಿಂದ ಮುಂದೆ ಟ್ಯಾಕ್ಸಿ.

ಭಾನುವಾರ ಸುತ್ತಾಟ ಇಟ್ಕೊಂಡೋರು ಹಿಂದಿನ ದಿನವೇ ಮೆಗಾ ಬ್ಲಾಕ್ ಎಲ್ಲಿದೆ ನೋಡ್ಕೊಳ್ಳಿ. ಹಳಿ ರಿಪೇರಿಗೆ ಅಂತ ಹಗಲು ಹೊತ್ತಲ್ಲೇ ನಾಲ್ಕೈದು ಗಂಟೆ ಫಾಸ್ಟ್ ಗಾಡಿಗಳನ್ನ ಸ್ಲೋ ಲೈನಿಗೆ ಹಾಕ್ತಾರೆ, ಹಾರ್ಬರ್ ಲೈನಲ್ಲಿ ಕೆಲವು ಸಲ ಗಾಡಿಯೇ ಇರಲ್ಲ. ರಜಾ ದಿನ ಜನ ಕಮ್ಮಿ ಇರ್ತಾರೆ ಅಂತ ಹೋದ್ರೆ ಬೇರೆ ದಿನಕ್ಕಿಂತ ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತೆ. ಜೋರು ಮಳೆ ಬಂದ್ರೆ ಕುರ್ಲಾ, ಸಾಯನ್ ಹತ್ರ ಹಳಿ ಮೇಲೆ ನೀರು ನಿಂತು ಎಲ್ಲಾ ಬಂದ್, ಅಂಥ ದಿನ ಉಪನಗರದಲ್ಲಿ ರೂಮಿದ್ರೆ ರೂಮಲ್ಲೇ ಇದ್ಬಿಡಿ.

ವಾಪಸ್ ಬರೋವಾಗಲೂ ಬೋರ್ಡಿಂಗ್ ಠಾಣೆ ಅಂತಲೇ ಹಾಕ್ಸಿದ್ದೆ. ಗಾಡಿ ಜಾಸ್ತಿ ಹೊತ್ತು ನಿಲ್ಲಲ್ಲ, ಕೋಚ್ ಎಲ್ಲಿ ಬರುತ್ತೆ ಅಂತ ಬೋರ್ಡ್ ನೋಡ್ಕೊಂಡು ಹತ್ತು ನಿಮಿಷ ಮೊದಲೇ ಅಲ್ಲಿ ನಿಂತಿರಿ. ಲಾಡ್ಜಿಂದ ಎರಡು ಬ್ಯಾಗ್ ಎಳ್ಕೊಂಡು ನಡ್ಕೊಂಡೇ ಬಂದ್ವಿ, ಸ್ಟೇಷನ್ ಹತ್ರ ಕುಂಜ್ ವಿಹಾರ್‌ನಲ್ಲಿ ಜಂಬೋ ವಡಾಪಾವ್ ಕಟ್ಟಿಸ್ಕೊಂಡ್ವಿ, ಪನ್ವೇಲ್ ಬರೋದ್ರೊಳಗೆ ಖಾಲಿ.